ಅಥಾತೋ ಗಲ್ಲಾಜಿಜ್ಞಾಸಾ

ಹರಿಹರ ಮಹಾಕವಿಯ 'ಬಸವರಾಜದೇವರ ರಗಳೆ'ಯಲ್ಲಿ ನಮಗೆ ದೊರೆತಿರುವುದು 13 ಸ್ಥಲಗಳು ಮಾತ್ರವೆಂಬುದೂ, ಬಸವಣ್ಣನ ಅಂತ್ಯದ ವೃತ್ತಾಂತವು ಅದರೊಳಗೆ ಇಲ್ಲವೆಂಬುದೂ, ಓಲೆಗರಿಗಳ ಮೇಲೆ ಕಣ್ಣು ಸವೆಸಿದ ಪಂಡಿತರಿಗೆ ಶೋಕದ ವಿಷಯವಾದರೆ, ನಾಟಕ ಕಂಪನಿಯ ಮಾಲಕರಿಗೆ ಪರಮಾನಂದದ ವಿಷಯವಾಗಿದೆ. ಏಕೆಂದರೆ ಕವಿಯಿಂದ ತೆರವಾದುದೆಲ್ಲವೂ ಕಂಪನಿಯ ಸ್ವಾಧೀನವೆಂಬುದೇ ಸ್ಥಲಪೂರಣಶಾಸ್ತ್ರದ ಆದ್ಯಸೂತ್ರ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನೈಯಾಯಿಕರು ನಾಲ್ಕೇ ಪ್ರಮಾಣಗಳನ್ನು ಹೇಳಿ ಸುಮ್ಮನಾದರು. ಗಲ್ಲಾಪ್ರಮಾಣವೆಂಬ ಐದನೆಯದು ಅವರಿಗೆ ಹೊಳೆಯದೆ ಹೋದುದು ಆ ಕಾಲದಲ್ಲಿ ತಗಡಿನ ಥೇಟರು ಇರಲಿಲ್ಲವೆಂಬ ಏಕೈಕ ಕಾರಣದಿಂದ.

ಬಸವಣ್ಣನ ನಾಟಕವನ್ನು ಹೊತ್ತು ಊರೂರು ತಿರುಗಿದ ಕಂಪನಿಯೊಂದರ ಈ ಪೂರಣವು ಕ್ಯಾಂಪುಭೇದದಿಂದ ಚತುರ್ವಿಧ: ಐಂಡೇಯ, ಸೈಂದಗೇಯ, ಮೌದ್ದೇಬಿಹಾಳೀಯ, ಬಾಗೇವಾಡೀಯ.

ಐಂಡೇಯದ, ಎಂದರೆ ಇಂಡಿಯ ಕ್ಯಾಂಪಿನ, ಲಕ್ಷಣ ದ್ವಿರುಕ್ತಿ. ಭೀಮಕವಿಯ ಪುರಾಣದಲ್ಲಿ ಎಂಟು ವರ್ಷದ ಬಸವನು ಉಪನಯನವನ್ನೇ ಒಲ್ಲೆನೆನ್ನುತ್ತಾನೆ; ಹರಿಹರನಲ್ಲಿಯಾದರೋ ಧರಿಸಿದ್ದ ಜನಿವಾರವನ್ನು ಹದಿನಾರರ ಪ್ರಾಯದಲ್ಲಿ ಕಿತ್ತೊಗೆದು ಬಾಗೇವಾಡಿಯನ್ನು ಬಿಟ್ಟು ನಡೆಯುತ್ತಾನೆ. ಎರಡಕ್ಕೂ ಚಪ್ಪಾಳೆ ಬೀಳುವುದಾದುದರಿಂದ ಕಂಪನಿಯು ಎರಡನ್ನೂ ಇಟ್ಟುಕೊಂಡಿತು. ಮೊದಲಂಕದಲ್ಲಿ ಹಾಕಿಕೊಳ್ಳದ ಜನಿವಾರವು ಎರಡನೆಯ ಅಂಕದಲ್ಲಿ ಹರಿಯುವುದಕ್ಕೆ ಎಲ್ಲಿಂದ ಬಂದಿತೆಂದು ನಾನು ಕೇಳಲಾಗಿ, ಮಾಲಕರು ಎಲೆಯಡಿಕೆಯನ್ನು ದವಡೆಗೆ ಸರಿಸಿ, "ಡ್ರೆಸ್ಸಿನ ಪೆಟ್ಟಿಗ್ಯಾಗಿಂದ್ರೀ, ಮಾಸ್ತರ" ಎಂದರು.

ಸೈಂದಗೇಯದ ಲಕ್ಷಣ ಲೋಪ. ಮಂಗಳವಾಡದಲ್ಲಿ ಕರಣಿಕರ ನಡುವೆ ಕುಳಿತ ಬಸವನು ಅವರ ಲೆಕ್ಕದೊಳಗಿನ ತಪ್ಪನ್ನು ಎತ್ತಿ ತೋರಿಸಿ ಬಿಜ್ಜಳನ ಭಂಡಾರದ ಕೆಲಸಕ್ಕೆ ಸೇರುವ ಪ್ರಸಂಗವು ಹರಿಹರನಲ್ಲಿ ಸ್ಪಷ್ಟವಾಗಿ ಉಳಿದುಬಂದಿದೆ. ಅದರಲ್ಲಿ ಹಾಡಿಲ್ಲ, ಕತ್ತಿಯಿಲ್ಲ. ಆದಕಾರಣ ಸಿಂದಗಿಯ ಕ್ಯಾಂಪಿನಲ್ಲಿ ಅದನ್ನು ತೆಗೆದು, ಹಾಸ್ಯಪಾತ್ರದವನ ಕೈಗೆ ಕೊಡೆ ಕೊಟ್ಟು ಕುಣಿಸಿದರು. ಲೆಕ್ಕ ತಿದ್ದುವವನನ್ನು ರಂಗದ ಮೇಲೆ ತರಲು ಮಾಲಕರೇ ಅಂಜಿದರೆಂಬುದು, ಪಗಾರ ಬಾಕಿಯುಳಿದ ನಟರು ಹೇಳುವ ಪಾಠಾಂತರ.

ಉಳಿದೆರಡರ ಲಕ್ಷಣವನ್ನು ಬರೆಯಲು ನನಗೆ ಮನಸ್ಸಿಲ್ಲ. ಮುದ್ದೇಬಿಹಾಳದಲ್ಲಿ ನಡೆದದ್ದೂ ಇವೇ ದ್ವಿರುಕ್ತಿ-ಲೋಪಗಳು. ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲಿಯೇ ಹಂಚಿದ ಹ್ಯಾಂಡ್‌ಬಿಲ್ಲಿನಲ್ಲಿ "ಹರಿಹರ ಮಹಾಕವಿಯ ಅಲಭ್ಯ ಸ್ಥಲಗಳೊಡನೆ" ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಅದರ ಕೆಳಗೆ, 'ಸಂಶೋಧನಾತ್ಮಕ ಪುನಸ್ಸೃಷ್ಟಿ' ಎಂದು ಹೊಗಳಿ ಒಬ್ಬ ವಿದ್ವಾಂಸರ ಸಹಿಯೂ ಇತ್ತು. ಮಾಲಕರದಾದರೂ ಹೊಟ್ಟೆಪಾಡು. ಮೂಲವನ್ನು ಓದಿಯೂ ಸಹಿ ಹಾಕಿದ ಈ ಮಹನೀಯರಿಗೆ ಏನೆನ್ನೋಣ? ಈ ಊರುಗಳಿರುವ ವಿಜಾಪುರ ಜಿಲ್ಲೆಯಲ್ಲಿಯೇ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಇದ್ದ ಮನೆಯನ್ನೂ ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. ಒಬ್ಬರು ಮನೆ ಮಾರಿ ಉಳಿಸಿದ ಅಕ್ಷರವನ್ನು ಇನ್ನೊಬ್ಬರು ಶಾಲು-ನಾರಿಕೇಳಕ್ಕೆ ಮಾರುತ್ತಿದ್ದಾರೆ. ನಾವು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೇವೆ.

ರಂಗಭೂಮಿಯ ಮೇಲೆ ನನಗೆ ಹಗೆಯಿಲ್ಲ. ಏಣಗಿ ಬಾಳಪ್ಪನವರ ಬಸವೇಶ್ವರನಿಗೆ ಕೈಮುಗಿದ ಜನರ ನಡುವಿನವನೇ ನಾನು. ಕೊನೆಯ ಅಂಕ ಬೇಕೆಂದರೆ ಬರೆಯಲಿ. ಬೇಕಾದಷ್ಟು ಹಾಡು ಹಾಕಲಿ. ಭೀಮಕವಿಯೂ 1369ರಲ್ಲಿ ಬಸವನ ಕಥೆಯನ್ನು ತನಗೆ ತೋರಿದಂತೆ ಬರೆದನು. ಅದರ ಮೇಲೆ ಹರಿಹರನ ಹೆಸರನ್ನು ಹಚ್ಚುವ ಗರಜು ಅವನಿಗೆ ಬೀಳಲಿಲ್ಲ.