ಭಾಂಡಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ, ಆರಂಭಿಸುವ ಮುನ್ನ ನಾಲ್ಕು ಸಂಗತಿ ಹೇಳಿಬಿಡಬೇಕೆಂದು ಹಿಂದಿನವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಸ್ತುತ ಶಾಸ್ತ್ರದ ವಿಷಯ, ಕೈಯಲ್ಲಿ ಮಾಡಿದ ಇಲ್ಲವೇ ಕಾಲ ಸಂದ ಪಾತ್ರೆ ಪರಡಿ. ಪ್ರಯೋಜನ, ಸಾರು. ಸಂಬಂಧ, ಇನ್‌ಸ್ಟಾಗ್ರಾಮಿನ ಡಿಎಂನಲ್ಲಿ ಕುದುರಿ, ದುಡ್ಡು ಪಾವತಿಯಾದ ಕೂಡಲೇ ತಣ್ಣಗಾಗುವಂಥದು. ಅಧಿಕಾರಿ, ಅಂದರೆ ಇದನ್ನು ಓದುವ ಅರ್ಹತೆಯುಳ್ಳವರು: ಅಡುಗೆಮನೆಯಲ್ಲಿ ಒಂದು ಲೋಟ ಇಡಲೂ ಜಾಗವಿಲ್ಲದಿದ್ದಾಗ್ಯೂ ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ ‘ಹಿತ್ತಾಳೆ ಕೊಳದಪ್ಪಲೆ’ ಎಂದು ಹುಡುಕುವವರು. ದೊಡ್ಡ ಕಂಪನಿಗಳ ತಾಣಗಳಲ್ಲಿ ಕುಕ್ಕರ್ ಕೊಳ್ಳುವವರು ಈ ಶಾಸ್ತ್ರಕ್ಕೆ ಅನಧಿಕಾರಿಗಳು. ಅವರಿಗೆ ರಿಟರ್ನ್ ಪಾಲಿಸಿ ಇದೆ, ಶಾಸ್ತ್ರ ಬೇಕಾಗುವುದಿಲ್ಲ.

ಪ್ರಮಾಣ ಪ್ರಕರಣ

ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಚಿಕ್ಕಪೇಟೆಯ ಪಾತ್ರೆ ಅಂಗಡಿಯಲ್ಲಿ ನಾಲ್ಕೂ ಸಿಗುತ್ತವೆ. ಪಾತ್ರೆಯನ್ನು ಎತ್ತಿ, ತಿರುಗಿಸಿ, ಬೆರಳ ಗೆಣ್ಣಿನಿಂದ ಕುಟ್ಟಿ, ‘ತೀರಾ ತೆಳು’ ಎಂದು ಮೂಗು ಮುರಿಯುವುದು ಪ್ರತ್ಯಕ್ಷ. ಅಂತರ್ಜಾಲದಲ್ಲಿ ಮೊದಲು ಬಿದ್ದುಹೋಗುವ ಪ್ರಮಾಣ ಇದೇ. ಉಳಿಯುವುದು ಒಂದು ಚಿತ್ರ: ಕಿಟಕಿಯ ಬಳಿ ಎಳೆಬಿಸಿಲು, ಮಾಸಲು ಖಾದಿ ಬಟ್ಟೆ, ಅದರ ಮೇಲೆ ಪಾತ್ರೆ, ಪಾತ್ರೆಯ ಪಕ್ಕ ಎರಡು ಬ್ಯಾಡಗಿ ಮೆಣಸಿನಕಾಯಿ. ಆ ಮೆಣಸಿನಕಾಯಿಗಳು ಅಲ್ಲೇಕಿವೆ ಎಂಬುದು ವಿದ್ವಾಂಸರಲ್ಲಿ ಇನ್ನೂ ಚರ್ಚೆಯಲ್ಲಿದೆ.

ಉಪಮಾನವೆಂದರೆ ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ತಿಳಿಯುವುದು. ಇದಕ್ಕಾಗಿ ಮಾರುವವರು ಪಾತ್ರೆಯ ಪಕ್ಕ ಬಾಳೆಹಣ್ಣು ಇಟ್ಟು ಫೋಟೊ ತೆಗೆಯುತ್ತಾರೆ. ಯಾವ ಬಾಳೆಹಣ್ಣು ಎಂದು ಮಾತ್ರ ಬರೆಯುವುದಿಲ್ಲ. ಏಲಕ್ಕಿ ಬಾಳೆಯ ಪಕ್ಕ ಇಟ್ಟರೆ ಕುಡುತೆಯೂ ಕೊಪ್ಪರಿಗೆಯಾಗುತ್ತದೆ, ನೇಂದ್ರಬಾಳೆಯ ಪಕ್ಕ ಕೊಪ್ಪರಿಗೆಯೂ ಕುಡುತೆಯಾಗುತ್ತದೆ. ನಂಜನಗೂಡು ರಸಬಾಳೆಯನ್ನು ಪ್ರಮಾಣವೆಂದು ಒಪ್ಪಬಹುದಿತ್ತು. ಆದರೆ ಅದು ಪಾತ್ರೆಗಿಂತ ಅಪರೂಪ. ಆದ್ದರಿಂದ ಉಪಮಾನವನ್ನು ಕೈಬಿಟ್ಟು ಸೆಂಟಿಮೀಟರಿನ ಟೇಪು ಹಿಡಿಸಿ ಫೋಟೊ ಕೇಳತಕ್ಕದ್ದು. ಬಾಯಗಲ, ಎತ್ತರ, ತೂಕ, ತಳದ ಚಿತ್ರ: ಈ ನಾಲ್ಕನ್ನು ಕೇಳಿದೊಡನೆ ಅರ್ಧ ಮಂದಿ ಮಾರಾಟಗಾರರು ಉತ್ತರಿಸುವುದನ್ನೇ ನಿಲ್ಲಿಸುತ್ತಾರೆ. ಶೋಧನೆಯ ಅರ್ಧ ಭಾಗ ಅಲ್ಲಿಗೆ ಮುಗಿಯಿತು.

ಇನ್ನು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂಬುದು ತರ್ಕದ ಮೊದಲ ಪಾಠ. ಪಾತ್ರೆಯ ತಳದಲ್ಲಿ ಮಸಿ ಕಂಡರೆ ಸೌದೆ ಒಲೆ ಇತ್ತು, ಸೌದೆ ಒಲೆ ಇದ್ದರೆ ಅಜ್ಜಿ ಇದ್ದಳು, ಅಜ್ಜಿ ಇದ್ದರೆ ಪಾತ್ರೆ ಹಳೆಯದು ಎಂದು ಕೊಳ್ಳುವವರು ಅನುಮಾನಿಸುತ್ತಾರೆ. ಇದರಲ್ಲಿ ಹೇತ್ವಾಭಾಸವಿದೆ. ಮಸಿಯನ್ನು ಒಂದು ಮಧ್ಯಾಹ್ನದಲ್ಲಿ ಹಿಡಿಸಬಹುದು. ಕಿಲುಬನ್ನೂ ಹಾಗೆಯೇ: ಅಮೋನಿಯಾದ ಆವಿಗೆ ಒಡ್ಡಿದ ಹಿತ್ತಾಳೆ ವಾರದೊಳಗೆ ಮುದಿಯಾಗುತ್ತದೆ. ‘ಹಿತ್ತಾಳೆಯ ನಗರ’ ಎನಿಸಿಕೊಂಡ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ‘ಆಂಟಿಕ್ ಫಿನಿಶ್’ ಎಂಬುದು ಬಚ್ಚಿಟ್ಟ ಗುಟ್ಟೇನಲ್ಲ. ಬಹಿರಂಗವಾಗಿ ಮಾರುವ ಒಂದು ಬಗೆಯ ಮೆರುಗು. ಅಲ್ಲಿಂದ ಹೊರಟಾಗ ಹೊಸದಾಗಿದ್ದ ಚೊಂಬು ಬೆಂಗಳೂರು ಮುಟ್ಟುವಷ್ಟರಲ್ಲಿ ಮಲೆನಾಡಿನ ಯಾವುದೋ ತೊಟ್ಟಿಮನೆಯದಾಗಿರುತ್ತದೆ. ರೈಲಿನಲ್ಲಿ ಅಷ್ಟು ಬೇಗ ವಯಸ್ಸಾಗುವುದು ಪ್ರಯಾಣಿಕರಿಗೆ ಮಾತ್ರ ಎಂದುಕೊಂಡಿದ್ದೆವು.

ಶಬ್ದ ಪ್ರಮಾಣಕ್ಕೆ ಎರಡು ಅಂಗ. ಒಂದು, ಮಾರುವವರು ಹೇಳಿದ್ದು. ಇನ್ನೊಂದು, ಪಾತ್ರೆ ತಾನೇ ಹೇಳುವುದು. ಎರಡನೆಯದೇ ನಂಬಿಕೆಗೆ ಅರ್ಹ. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಪಾತ್ರೆ ಮಾಡುವ ಒಳ್ಳೆಯ ಕಂಚಿನಲ್ಲಿ ನೂರಕ್ಕೆ ಸುಮಾರು ಇಪ್ಪತ್ತೆರಡು ಪಾಲು ತವರ. ದೇವಸ್ಥಾನದ ಗಂಟೆಯೂ ಇದೇ ಕುಲದ್ದು. ಕಂಚಿನ ಬಟ್ಟಲನ್ನು ಅಂಗೈ ಮೇಲಿಟ್ಟು ತಟ್ಟಿದರೆ ದನಿ ಎಳೆಯುತ್ತದೆ. ಹಿತ್ತಾಳೆ ಚುಟುಕಾಗಿ ಹೇಳಿ ಸುಮ್ಮನಾಗುತ್ತದೆ. ಬಿರುಕು ಬಿಟ್ಟದ್ದು ಕೆಮ್ಮುತ್ತದೆ. ಆದ್ದರಿಂದ ವಿಡಿಯೊ ಕೇಳಬೇಕು, ಅದರಲ್ಲಿ ಸಿನಿಮಾ ಹಾಡು ಹಾಕಬಾರದೆಂದೂ ಕೇಳಿಕೊಳ್ಳಬೇಕು.

ನ್ಯಾಯಸೂತ್ರಗಳ ಗೌತಮ ಮಹರ್ಷಿಗಳ ಕ್ಷಮೆ ಕೋರಿ ಐದನೆಯದೊಂದು ಪ್ರಮಾಣವನ್ನು ಇಲ್ಲಿ ಸೇರಿಸಲಾಗಿದೆ: ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ. ಹಿತ್ತಾಳೆ, ತಾಮ್ರ, ಕಂಚು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಅಂಟಿಕೊಂಡಿತೆಂದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಬೇರೆಲ್ಲ ಪ್ರಮಾಣಗಳಿಗೂ ಭಾಷ್ಯ ಬೇಕು, ಇದಕ್ಕೆ ಬೇಡ.

ಕಾಲ ನಿರ್ಣಯ ಪ್ರಕರಣ

ಈ ವ್ಯಾಪಾರದಲ್ಲಿ ಕಾಲವನ್ನು ಅಳೆಯುವ ಮೂಲಮಾನ ‘ಅಜ್ಜಿ ಕಾಲ’. ಇದು ಸ್ಥಿರಾಂಕ. ಮಾರುವವರಿಗೆ ಇಪ್ಪತ್ತೈದು ವರ್ಷವಾಗಿರಲಿ, ಅರವತ್ತೈದಾಗಿರಲಿ, ಅಜ್ಜಿ ಕಾಲ ಕದಲುವುದಿಲ್ಲ.

ವಿದೇಶಗಳಲ್ಲಿ ಇಷ್ಟು ಖಚಿತತೆ ಇಲ್ಲದ ಕಾರಣ ಅಂಕಿಯ ಮೊರೆ ಹೋಗಿದ್ದಾರೆ. 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಎಟ್ಸಿ ಎಂಬ ತಾಣದಲ್ಲಿ ಇಪ್ಪತ್ತು ವರ್ಷ ತುಂಬಿದ್ದೆಲ್ಲ ವಿಂಟೇಜ್. ಈ ಲೆಕ್ಕದಲ್ಲಿ ನನ್ನ ಮದುವೆಗೆ ಬಂದು, ಬೇಡವಾಗಿ, ಇನ್ನೊಬ್ಬರ ಮದುವೆಗೆ ಕೊಡಲೆಂದು ಎತ್ತಿಟ್ಟು, ಕೊಡುವುದು ಮರೆತುಹೋದ ಕ್ಯಾಸರೋಲ್ ಸೆಟ್ಟುಗಳೂ ವಿಂಟೇಜ್ ಪದವಿಗೇರಿವೆ.

ಇನ್ನೊಂದು ತುದಿಯಲ್ಲಿ ಭಾರತ ಸರ್ಕಾರ ನಿಂತಿದೆ. 1972ರ ಪುರಾವಸ್ತುಗಳ ಕಾಯ್ದೆಯ ಪ್ರಕಾರ, ಹಿಂದಿನ ಕಾಲದ ಕಲೆ, ಕರಕುಶಲ, ಆಚಾರಗಳಿಗೆ ನಿದರ್ಶನವಾದ ವಸ್ತು ನೂರು ವರ್ಷಕ್ಕೆ ಕಡಿಮೆಯಿಲ್ಲದ್ದಾದರೆ ಅದು ಪುರಾವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಈಗ ‘150 ವರ್ಷ ಹಳೆಯ ಹಂಡೆ, ಒಂದೇ ಪೀಸ್, ಬೇಗ ಡಿಎಂ ಮಾಡಿ’ ಎಂಬ ಬರಹವನ್ನು ಪರಿಶೀಲಿಸೋಣ. ಅದು ನಿಜವಾದರೆ ಮಾರುವವರು ಲೈಸೆನ್ಸ್ ತೋರಿಸಬೇಕು. ಕೊಳ್ಳುವವರು ಎದುರಿಗಿರುವವರ ಮಾತು ಸುಳ್ಳಾಗಿರಲಿ ದೇವರೇ ಎಂದು ಹರಕೆ ಹೊರಬೇಕಾದ ಅಪರೂಪದ ಸನ್ನಿವೇಶವಿದು. ಹೀಗಾಗಿ ಶಾಸ್ತ್ರಸಮ್ಮತವಾದ ಪಾತ್ರೆಯ ವಯಸ್ಸು ಇಪ್ಪತ್ತಕ್ಕೆ ಮೇಲೆ, ನೂರಕ್ಕೆ ಕೆಳಗೆ. ತೊಂಬತ್ತೊಂಬತ್ತು ಅತ್ಯುತ್ತಮ, ಆದರೆ ಬೇಗ ಬಳಸಿ ಮುಗಿಸಬೇಕು.

ಪಾವು, ಸೇರು, ಚಟಾಕುಗಳ ಕಾಲ ನಿರ್ಣಯ ಮಾತ್ರ ಸುಲಭ. 1958ರಲ್ಲಿ ಮೆಟ್ರಿಕ್ ಪದ್ಧತಿ ಜಾರಿಗೆ ಬರತೊಡಗಿದ ಮೇಲೆ ಅವುಗಳ ಅಂಗಡಿ ಕೆಲಸ ತಪ್ಪಿತು. ಈಗಿನ ಪೋಸ್ಟುಗಳಲ್ಲಿ ಅವು ಪೆನ್ ಸ್ಟ್ಯಾಂಡ್. ಆದರೂ ನಮ್ಮಲ್ಲಿ ಅಕ್ಕಿ ಅಳೆಯುವುದು ಪಾವಿನಲ್ಲೇ. ಪೆನ್ನುಗಳು ಮೇಜಿನ ಮೇಲೆ ಅನಾಥವಾಗಿ ಬಿದ್ದಿವೆ.

ಶಾಸನ ಪ್ರಕರಣ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ 1886ರಲ್ಲಿ ಬಂತು. ಕಲ್ಲು, ತಾಮ್ರಪಟಗಳನ್ನು ಹುಡುಕಿ ನಾಡೆಲ್ಲ ಅಲೆದ ಆ ಪರಂಪರೆ ಅಡುಗೆಮನೆಗೆ ಕಾಲಿಡದೆ ಹೋದದ್ದು ದೊಡ್ಡ ಲೋಪ. ಪಾತ್ರೆಯ ಕಂಠದ ಮೇಲೆ ಉಳಿಯ ಚುಕ್ಕೆಗಳಲ್ಲಿ, ಆಮೇಲಿನ ಕಾಲದಲ್ಲಿ ಕರೆಂಟಿನ ಪೆನ್ನಿನಲ್ಲಿ, ಎಷ್ಟು ಶಾಸನಗಳು ಕೊರೆಯಲ್ಪಟ್ಟಿವೆ! ಅವುಗಳ ಛಂದಸ್ಸು ನಿಯತವಾದದ್ದು: ಇನಿಷಿಯಲ್ಲು, ಹೆಸರು, ಊರು, ‘ಗೃಹಪ್ರವೇಶದ ಉಡುಗೊರೆ’, ತಾರೀಕು. ಹೊಯ್ಸಳರ ಶಾಸನಗಳಲ್ಲಿ ವರ್ಷ ನಿರ್ಣಯಕ್ಕೆ ಶಕ, ಸಂವತ್ಸರಗಳ ತಾಳೆ ನೋಡಿ ಪಂಡಿತರು ಜಗಳವಾಡುತ್ತಾರೆ. ಸ್ಟೀಲ್ ಡಬರಿಯ ಮೇಲೆ ಆ ಕಷ್ಟವಿಲ್ಲ. ಆದರೆ ಪಾತ್ರೆಗಿಂತ ಶಾಸನ ಹೊಸದಾಗಿರಬಹುದು. ತಾಯಿಯ ಬಿಂದಿಗೆಗೆ ಮಗಳ ಮದುವೆಯಲ್ಲಿ ಹೆಸರು ಕೊರೆಸಿರುತ್ತಾರೆ.

ಈ ಶಾಸನಗಳ ಉದ್ದೇಶ ಕೀರ್ತಿಯಲ್ಲ. ಮದುವೆ, ಮುಂಜಿಗೆ ಬೀದಿಯವರಿಗೆ ಕೊಟ್ಟ ಕೊಪ್ಪರಿಗೆ ಹಿಂದಿರುಗಿ ಬರಲಿ ಎಂಬುದು. ದತ್ತಿ ಶಾಸನಗಳ ಕೊನೆಯಲ್ಲಿ, ಇದನ್ನು ಕಿತ್ತುಕೊಂಡವರಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ಕೊಂದ ಪಾಪ ಬರಲಿ ಎಂಬ ಶಾಪವಿರುತ್ತದೆ. ಸೌಟಿನ ಹಿಡಿಯ ಮೇಲೆ ಅಷ್ಟು ಜಾಗವಿಲ್ಲದ್ದರಿಂದ ಹೆಸರೊಂದನ್ನೇ ಕೊರೆಸುತ್ತಿದ್ದರು. ಉಳಿದದ್ದನ್ನು ಪಾತ್ರೆಯ ಒಡತಿ ಬಾಯಲ್ಲೇ ಹೇಳುತ್ತಿದ್ದಳು. ವಿನೋದ ಪಕ್ಕಕ್ಕಿಟ್ಟು ಒಂದು ಮಾತು: ಪಾತ್ರೆಯ ಮೇಲೆ ದೇವಸ್ಥಾನದ್ದೋ ಛತ್ರದ್ದೋ ಹೆಸರು ಕಂಡರೆ ಅದು ಹೇಗೆ ಹೊರಬಂತೆಂದು ಕೇಳಬೇಕು. ಉತ್ತರ ನುಣುಚಿಕೊಂಡರೆ, ಪಾತ್ರೆ ಎಷ್ಟೇ ಚೆನ್ನಾಗಿರಲಿ, ಕೊಳ್ಳಬಾರದು.

ಶಿಲಾ ಪ್ರಕರಣ

ಬೇಲೂರಿನ ಚೆನ್ನಕೇಶವನಿಗೆ 1117ರಲ್ಲಿ ಗುಡಿ ಎದ್ದದ್ದು ಬಳಪದ ಕಲ್ಲಿನಲ್ಲಿ. ಮಲೆನಾಡು, ಕರಾವಳಿಯವರು ಹುಳಿ, ಉಪ್ಪಿನಕಾಯಿ ಹಾಕಿಡುವ ಕಲ್ಲುಮರಿಗೆಯೂ ಅದೇ ಜಾತಿಯ ಕಲ್ಲಿನದು. ಒಂದೇ ಬಳಗದ ಕಲ್ಲು. ಒಂದರಲ್ಲಿ ಮದನಿಕೆ, ಇನ್ನೊಂದರಲ್ಲಿ ಮಾವಿನಮಿಡಿ. ಗಡಸುತನದ ಮೋಸ್ ಮಾಪನದಲ್ಲಿ ವಜ್ರಕ್ಕೆ ಹತ್ತಾದರೆ ಈ ಕಲ್ಲಿನಲ್ಲಿರುವ ಟಾಲ್ಕ್‌ಗೆ ಒಂದು. ಶಿಲ್ಪಿಗೆ ಅದು ವರ, ಕೊರಿಯರ್‌ನವರ ಕೈಯಲ್ಲಿ ಅದೇ ಶಾಪ.

ಮರಿಗೆಯ ಬೆಲೆಯನ್ನು ಕೇಳಬಾರದು. ಕಳಿಸುವ ಖರ್ಚನ್ನು ಕೇಳಬೇಕು. ಹಲವು ಸಲ ಮರಿಗೆಯೇ ಪುಕ್ಕಟೆ ಎನಿಸುತ್ತದೆ. ಅದು ಬಂದಾಗ ಪೆಟ್ಟಿಗೆಯ ಟೇಪು ಕತ್ತರಿಸುವುದರಿಂದ ಹಿಡಿದು ಕೊನೆಯ ವರೆಗೂ ನಡುವೆ ತುಂಡಾಗದಂತೆ ವಿಡಿಯೊ ತೆಗೆಯತಕ್ಕದ್ದು. ಇಲ್ಲದಿದ್ದರೆ ಒಡೆದದ್ದಕ್ಕೆ ದೂರಿಲ್ಲ ಎಂಬುದು ಈ ಲೋಕದ ಸಂವಿಧಾನ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಈಳಿಗೆಮಣೆ, ಮಂಡಿಗಳ ನಡುವೆ ಪೆಟ್ಟಿಗೆ. ಯೋಗಶಾಸ್ತ್ರದಲ್ಲಿ ಈ ಆಸನಕ್ಕೆ ಹೆಸರಿಲ್ಲ.

ಮುಂದಿನದು ಸಂಸ್ಕಾರ. ಹೊಸ ಕಲ್ಲುಪಾತ್ರೆಯನ್ನು ನೇರ ಒಲೆಗೇರಿಸಿದರೆ ಸೀಳುತ್ತದೆ. ಎಣ್ಣೆ, ಅರಿಸಿನ ಬಳಿದು ಬಿಡಬೇಕು. ಗಂಜಿ ತಿಳಿಯನ್ನೋ ಅಕ್ಕಿ ತೊಳೆದ ನೀರನ್ನೋ ತುಂಬಿ, ದಿನವೂ ಬದಲಿಸಬೇಕು. ಆಮೇಲೆ ಸಣ್ಣ ಉರಿಯಲ್ಲಿ ಬರೀ ನೀರು ಕಾಯಿಸಬೇಕು. ಇಷ್ಟೆಲ್ಲ ಆಗಿ ಪಳಗಿದ ಮೇಲೆ ಅದರ ಗುಣ ತಿಳಿಯುತ್ತದೆ: ಒಲೆ ಆರಿಸಿದರೂ ಹುಳಿ ಕುದಿಯುತ್ತಲೇ ಇರುತ್ತದೆ. ಕಲ್ಲು ಕಾವನ್ನು ತಡವಾಗಿ ಹಿಡಿದು ತಡವಾಗಿ ಬಿಡುತ್ತದೆ. ಇದು ತಿಳಿಯದೆ ಗ್ಯಾಸಿನ ಲೆಕ್ಕದಲ್ಲಿ ಬೇಯಿಸಿದವರ ಮನೆಯಲ್ಲಿ ಹುಳಿ ತಳ ಹಿಡಿದು ಪಲ್ಯವಾಗುತ್ತದೆ.

ಲೋಹಕ್ಕೂ ಸಂಸ್ಕಾರ ಉಂಟು, ಅದು ಕಲಾಯಿ. ಹಿತ್ತಾಳೆ, ತಾಮ್ರದ ಒಳಮೈಗೆ ತವರದ ಹೊದಿಕೆ ಇಲ್ಲದಿದ್ದರೆ ಹುಣಸೆಹುಳಿ ಲೋಹವನ್ನು ಕರಗಿಸಿ ಕಿಲುಬಾಗಿಸುತ್ತದೆ. ಕಲಾಯಿಯವರು ಪಾತ್ರೆಯನ್ನು ಕಾಯಿಸಿ, ನವಸಾಗರ ಎರಚಿ, ತವರ ತೀಡಿ, ಹತ್ತಿಯ ಉಂಡೆಯಲ್ಲಿ ಒಂದು ಸುತ್ತು ಒರೆಸಿದರೆಂದರೆ ಒಳಗೆಲ್ಲ ಬೆಳ್ಳಿ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಮಿಳು ಮನೆಗಳಲ್ಲಿ ಸಾರು ಮಾಡುವ ಈಯಚ್ಚೊಂಬು ಪೂರಾ ತವರದ್ದು, ಖಾಲಿಯಾಗಿ ಒಲೆಯ ಮೇಲಿಟ್ಟರೆ ಚೊಂಬೇ ಸಾರಾಗುತ್ತದೆ. ‘ಕಲಾಯಿ ಆಗಿದೆಯೇ?’ ಎಂದು ಕೇಳಿದರೆ ‘ಶೋಪೀಸ್ ಮೇಡಂ’ ಎಂಬ ಉತ್ತರ ಬರುವುದುಂಟು. ಅಲ್ಲಿಗೆ ಪ್ರಯೋಜನವೆಂದು ಮೊದಲೇ ಹೇಳಿದ ಸಾರು ಬಿದ್ದುಹೋಯಿತು. ಹಂಡೆಯಲ್ಲಿ ಮನಿಪ್ಲಾಂಟು, ಒರಳಿನಲ್ಲಿ ತಾವರೆ, ಈಳಿಗೆ ಗೋಡೆಯ ಮೇಲೆ. ಇದನ್ನು ಪಾತ್ರೆಯ ಮೋಕ್ಷವೆಂದು ಕೆಲವರು ಕರೆಯುತ್ತಾರೆ. ನಮಗೆ ಒಪ್ಪಿಗೆಯಿಲ್ಲ.

ಪೂರ್ವಪಕ್ಷ

ಪೂರ್ವಪಕ್ಷಿಗಳು ನಮ್ಮ ಅತ್ತೆಯವರು. ಅವರ ವಾದ ಹೀಗೆ: “ಅಲ್ಲ ಕಣೇ, ಇಂಥವೇ ಅಟ್ಟದ ತುಂಬ ಇದ್ದವು. ತೂಕಕ್ಕೆ ಹಾಕಿ ಸ್ಟೀಲ್ ಡಬ್ಬಿ ತಗೊಂಡೆ. ಹುಣಸೆಹಣ್ಣು, ಬೂದಿ ಹಾಕಿ ಬೆಳಗಿ ಬೆಳಗಿ ಕೈಯೆಲ್ಲ ಬೊಬ್ಬೆ ಬಂದಿತ್ತು. ಈಗ ಇದನ್ನ ಯಾರು ಬೆಳಗ್ತಾರೆ?”

ಚಾರಿತ್ರಿಕವಾಗಿ ಈ ವಾದ ಗಟ್ಟಿ. 1980ರ ದಶಕದ ಆರಂಭದಲ್ಲಿ ಸೇಲಂನ ಉಕ್ಕಿನ ಕಾರ್ಖಾನೆ ಸ್ಟೇನ್‌ಲೆಸ್ ತಗಡು ತಯಾರಿಸತೊಡಗಿತು. ಅತ್ತ ಅಹಮದಾಬಾದಿನಲ್ಲಿ ಸುರೇಂದ್ರ ಪಟೇಲ್ ಅವರು, ಕುಲುಮೆಯ ಪಾಲಾಗುತ್ತಿದ್ದ ಹಳೆಯ ಪಾತ್ರೆಗಳನ್ನು ಉಳಿಸಲು 1981ರಲ್ಲಿ ‘ವಿಚಾರ್’ ಎಂಬ ಪಾತ್ರೆಗಳ ವಸ್ತುಸಂಗ್ರಹಾಲಯ ತೆರೆದರು. ಒಬ್ಬರು ಉಳಿಸುತ್ತಿದ್ದಾಗ ಊರಿನವರೆಲ್ಲ ಗುಜರಿಗೆ ಹಾಕುತ್ತಿದ್ದರು. ಹಾಕಿದ್ದು ಅಜ್ಞಾನದಿಂದಲ್ಲ, ತೊಳೆಯುತ್ತಿದ್ದವರು ಅವರೇ ಆದ್ದರಿಂದ.

ಇದರಿಂದ ನಮ್ಮ ಸಿದ್ಧಾಂತ ಹೊರಡುತ್ತದೆ: ಪಾತ್ರೆಯ ಬೆಲೆ, ಅದನ್ನು ಬೆಳಗಬೇಕಾದವರಿಂದ ಅದು ಎಷ್ಟು ದೂರದಲ್ಲಿದೆಯೋ ಅಷ್ಟಕ್ಕಷ್ಟು ಏರುತ್ತದೆ. ಬಚ್ಚಲ ಕಲ್ಲಿನ ಬಳಿ ಅದಕ್ಕೆ ಸೊನ್ನೆ ಬೆಲೆ. ಗುಜರಿಯಲ್ಲಿ ಕಿಲೋ ಲೆಕ್ಕ. ಕಾರೈಕುಡಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಪೀಸಿನ ಲೆಕ್ಕ. ಬೆಳಗಲೇಬಾರದು, ಬೆಳಗಿದರೆ ಕಳೆ ಹೋಗುತ್ತದೆ ಎಂದು ಸೂಚನೆ ಬರೆದಿರುವ ಇನ್‌ಸ್ಟಾಗ್ರಾಮಿನಲ್ಲಿ ಬೆಲೆಯನ್ನು ಬಹಿರಂಗವಾಗಿ ಹೇಳುವುದೇ ಇಲ್ಲ, ಡಿಎಂನಲ್ಲಿ ಪಿಸುಗುಡುತ್ತಾರೆ. ಕೈಯಲ್ಲಿ ತಟ್ಟಿದ ಪಾತ್ರೆಗಳ ಗತಿಯೂ ಇದೇ. ಪಂಜಾಬಿನ ಜಂಡಿಯಾಲಾ ಗುರು ಎಂಬ ಊರಿನ, ಪಾತ್ರೆ ತಟ್ಟುವ ಠಠೇರರ ಕಸುಬನ್ನು 2014ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸುತ್ತಿಗೆಯ ಪೆಟ್ಟು ಅಲಂಕಾರಕ್ಕಲ್ಲ, ತಗಡು ಗಟ್ಟಿಯಾಗಲು. ಅದಕ್ಕೇ ಆ ಗುಳಿಗಳು ಒಂದರಂತೆ ಒಂದು ಇರುವುದಿಲ್ಲ. ಎಲ್ಲ ಗುಳಿಯೂ ಅಚ್ಚುಕಟ್ಟಾಗಿ ಸಾಲು ನಿಂತಿದ್ದರೆ ತಟ್ಟಿದ್ದು ಯಂತ್ರ, ಬೆಲೆ ಮಾತ್ರ ಕೈಯದು.

ಆಪ್ತ ಲಕ್ಷಣ

ಯಾರ ಮಾತನ್ನು ಪ್ರಮಾಣವೆಂದು ಒಪ್ಪಬಹುದೋ ಅವರು ಆಪ್ತರು. ಅಂಥವರು ಇದ್ದಾರೆಯೇ? ಇದ್ದಾರೆ. ಸಾಗರದ ಕಡೆಯ ಒಬ್ಬಾಕೆ ವಾಟ್ಸಾಪಿನಲ್ಲಿ ಮರಿಗೆ, ಚಿಪ್ಪಿನ ಸೌಟು, ಬೀಡಿನ ಕಾವಲಿ ಮಾರುತ್ತಾರೆ. ಚಿತ್ರದಲ್ಲಿ ಮೆಣಸಿನಕಾಯಿ ಇಲ್ಲ. ಹಿಂದೆ ಒಣಹಾಕಿದ ಲುಂಗಿ ಕಾಣುತ್ತದೆ. ಒಂದು ಮರಿಗೆಯ ಅಂಚಿನ ಮುಕ್ಕನ್ನು ತಾವೇ ಬೆರಳಿಟ್ಟು ತೋರಿಸಿದ್ದರು. “ಎಷ್ಟು ವರ್ಷದ್ದು?” ಎಂದು ಕೇಳಿದೆ.

“ಗೊತ್ತಿಲ್ಲ ಅಕ್ಕ. ನಾನು ಮದುವೆಯಾಗಿ ಬಂದಾಗಲೇ ಇತ್ತು.”

“ಎಷ್ಟು ಲೀಟರ್ ಹಿಡಿಯುತ್ತೆ?”

“ಲೀಟರ್ ಯಾರು ನೋಡಿದ್ದಾರೆ? ಆರು ಜನಕ್ಕೆ ಹುಳಿ ಆಗುತ್ತೆ. ಊಟ ಜೋರಾದರೆ ಐದು.”

ಆರ್ಡರ್ ಮಾಡಿದೆ. ನಮ್ಮ ಮನೆಯಲ್ಲಿರುವುದು ಮೂವರು. ಉಳಿದ ಹುಳಿಯನ್ನು ಏನು ಮಾಡತಕ್ಕದ್ದು ಎಂಬ ಪ್ರಶ್ನೆಗೆ ಅತ್ತೆಯವರ ಉತ್ತರ ಸಿದ್ಧವಿದೆ: ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುವುದು.