ಮುಠಾ ನದಿಗೆ ಅಭ್ಯಂಜನ ಮಾಡಿಸುವ ಸಾಹೇಬರಿಗೊಂದು ಬಹಿರಂಗ ಪತ್ರ

ಪುಣೆಯ ಸಹಕಾರನಗರದ ಭಾನುವಾರದ ಮೆಕ್ಯಾನಿಕ್ ಸಾಹೇಬರಿಗೆ, ಮೂಲತಃ ಅಫಜಲಪುರ ತಾಲ್ಲೂಕಿನವನಾದ ನೆರೆಮನೆಯವನ ನಮಸ್ಕಾರಗಳು.

ಇತ್ತ ನಾನು ಕ್ಷೇಮ. ಅತ್ತ ನಿಮ್ಮ ಕಾರೂ ಕ್ಷೇಮವೆಂದು ಅದರ ಸದ್ದಿನಿಂದಲೇ ತಿಳಿಯಿತು. ಇನ್ನು ಕ್ಷೇಮ ವಿಚಾರಿಸಬೇಕಾದದ್ದು ನದಿಯದ್ದು ಮಾತ್ರ.

ನಿಮ್ಮ ಶಿಸ್ತಿಗೆ ನಾನು ಶರಣು. ಹತ್ತು ಸಾವಿರ ಕಿಲೋಮೀಟರ್ ಆಗುವುದೇ ತಡ, ಕಾರು ರ‍್ಯಾಂಪ್ ಏರುತ್ತದೆ. ಎಂಜಿನ್ ತುಸು ಬೆಚ್ಚಗಿದ್ದರೆ ಆಯಿಲ್ ಸಲೀಸಾಗಿ ಇಳಿಯುತ್ತದೆಂದು ನಿಮಗೆ ಗೊತ್ತು. ಡ್ರೇನ್ ಬೋಲ್ಟಿಗೆ ಹೊಸ ವಾಷರ್, ಫಿಲ್ಟರಿನ ರಬ್ಬರಿಗೆ ಬೆರಳ ತುದಿಯಷ್ಟು ಹೊಸ ಆಯಿಲ್, ಕೊನೆಗೆ ಡಿಪ್‌ಸ್ಟಿಕ್ ಒರೆಸಿ ಒರೆಸಿ ನೋಡುವುದು. ಯಾವ ಗ್ರೇಡು ಹಾಕಬೇಕೆಂದು ನಾನಾ ಪೇಠೆಯ ಬಿಡಿಭಾಗದ ಅಂಗಡಿಯವನ ಜೊತೆ ವಾದಕ್ಕೆ ನಿಂತರೆ ಸೋಲುವವರು ನೀವಲ್ಲ. ಒಳಗೆ ಹೋಗುವ ಆಯಿಲ್ ಬಗ್ಗೆ ಇಷ್ಟೊಂದು ವಿದ್ವತ್ತು! ಹೊರಗೆ ಬಂದ ಮೂರೂವರೆ ಲೀಟರ್ ಕಪ್ಪು ಆಯಿಲ್‌ಗೆ ಮಾತ್ರ ಗೇಟಿನ ಪಕ್ಕದ ಗಟಾರವೇ ಗತಿ.

ಆ ಗಟಾರದ ಪ್ರತಾಪ ನಿಮಗೆ ತಿಳಿದಿರಲಿಕ್ಕಿಲ್ಲ. ಅದು ಮಳೆನೀರಿನ ಗಟಾರ. ಮುಳಾ-ಮುಠಾ ಶುದ್ಧಿಗೆಂದು 2016ರಲ್ಲಿ ಜಪಾನಿನಿಂದ ಸಾಲ ತಂದು 11 ಸಂಸ್ಕರಣಾ ಘಟಕಗಳ ಯೋಜನೆ ಹಾಕಿದ್ದು ಸಂಡಾಸು, ಬಚ್ಚಲಿನ ಕೊಳಚೆಗಾಗಿ. ನಿಮ್ಮ ಆಯಿಲ್ ಆ ಘಟಕಗಳ ಬಾಗಿಲನ್ನೂ ತಟ್ಟದೆ ಆಂಬಿಲ್ ಓಢಾ ಎಂಬ ಹಳ್ಳ ಹಿಡಿದು ಮುಠೆಗೆ ಇಳಿಯುತ್ತದೆ. ಸಂಗಮದಲ್ಲಿ ಮುಳೆಯನ್ನು ಕೂಡಿಕೊಂಡು ಭೀಮೆಗೆ, ಅಲ್ಲಿಂದ ಉಜನಿ ಜಲಾಶಯಕ್ಕೆ. ಉಜನಿಯ ಕೆಸರು ತನ್ನ ಪಾಲು ಹಿಡಿದುಕೊಳ್ಳಬಹುದು, ಭಿಗವಣದ ಹಿನ್ನೀರಿಗೆ ಬರುವ ಫ್ಲೆಮಿಂಗೊಗಳಿಗೂ ಒಂದಿಷ್ಟು ಸಿಗಬಹುದು. ಮುಂದೆ ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ವಾರಕರಿಗಳಿಗೆ ಸ್ನಾನ ಮಾಡಿಸಿ, ಅದೇ ನದಿ ಗಾಣಗಾಪುರದ ಸಂಗಮದಲ್ಲಿ ನಮ್ಮವರ ತಲೆಯ ಮೇಲೂ ಬೀಳುತ್ತದೆ.

ನಿಮ್ಮ ಔದಾರ್ಯ ದೊಡ್ಡದು. ಬಚಾವತ್ ನ್ಯಾಯಮಂಡಳಿ ವರ್ಷಗಟ್ಟಲೆ ಕೂತು ಕೃಷ್ಣಾ ಕೊಳ್ಳದ ನೀರಿನಲ್ಲಿ ನಿಮ್ಮ ಮಹಾರಾಷ್ಟ್ರಕ್ಕೆ 560, ನಮ್ಮ ಕರ್ನಾಟಕಕ್ಕೆ 700 ಟಿಎಂಸಿ ಎಂದು ಹಂಚಿತು. ಎಂಜಿನ್ ಆಯಿಲ್‌ನಲ್ಲಿ ನಮ್ಮ ಪಾಲೆಷ್ಟೆಂದು ಬರೆಯಲು ಮರೆಯಿತು. 2025ರ ಬೇಸಿಗೆಯಲ್ಲಿ ಉಜನಿಯಿಂದ ಭೀಮೆಗೆ ನೀರು ಬಿಡಿ ಎಂದು ನಮ್ಮ ಮುಖ್ಯಮಂತ್ರಿಗಳು ನಿಮ್ಮ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ನೀವೋ ಪತ್ರವಿಲ್ಲದೆ, ಗಡಿ ತಂಟೆಯಿಲ್ಲದೆ, ಕೇಳುವ ಮೊದಲೇ ಕಳಿಸಿಕೊಡುತ್ತೀರಿ.

ಒಂದು ಕಾರಿನ ಹಳೆಯ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಸವೆದ ಲೋಹದ ಪುಡಿ, ಸುಟ್ಟ ಇಂಧನದ ವಿಷ, ಎಲ್ಲವೂ ಅದರಲ್ಲಿವೆ. ಒಂದೇ ಬೆಳಿಗ್ಗೆ ಇಷ್ಟು ದೊಡ್ಡ ಕೆಲಸ ಮಾಡುವವರು ನಮ್ಮ ಓಣಿಯಲ್ಲಿ ಬೇರೆ ಯಾರಿದ್ದಾರೆ?

ಗ್ಯಾರೇಜಿಗೆ ಕೊಡಬಹುದಲ್ಲ ಎಂದರೆ ನಿಮ್ಮ ಉತ್ತರ ಸಿದ್ಧ: "ಅವನು ಅದನ್ನೂ ಮಾರಿಕೊಂಡು ದುಡ್ಡು ಮಾಡುತ್ತಾನೆ." ಇನ್ನೊಬ್ಬನ ಜೇಬಿಗೆ ನಾಲ್ಕು ಕಾಸು ಬೀಳುವುದಕ್ಕಿಂತ ನದಿಗೆ ವಿಷ ಬೀಳುವುದೇ ಲೇಸೆಂಬ ಈ ಲೆಕ್ಕಾಚಾರಕ್ಕೆ ಏನೆನ್ನಲಿ! ನಿಮ್ಮ ಅನುಮಾನದಲ್ಲಿ ತಿರುಳಿಲ್ಲವೆಂದಲ್ಲ. ಎಷ್ಟೋ ಗ್ಯಾರೇಜುಗಳ ಹಳೆ ಆಯಿಲ್ ಡ್ರಮ್ಮು ಸೆಂಟ್ರಿಂಗ್ ಪ್ಲೇಟಿಗೆ ಸವರಲು, ಭಟ್ಟಿಯಲ್ಲಿ ಉರಿಸಲು, ಸೋಸಿ ನಕಲಿ ಡಬ್ಬಿಗೆ ತುಂಬಲು ಹೋಗುತ್ತದೆ. ಅದಕ್ಕೇ ಕೇಳಬೇಕು: ಈ ಡ್ರಮ್ಮು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆಯವರಿಗೆ ಹೋಗುತ್ತದೆಯೇ? ಗ್ರೇಡಿನ ಬಗ್ಗೆ ವಾದಿಸುವ ಬಾಯಿಗೆ ಇಷ್ಟು ಕೇಳುವುದು ಕಷ್ಟವಲ್ಲ.

ಆಯಿಲ್ ಕೊಳೆಯಾಗುತ್ತದೆಯೇ ಹೊರತು ಸತ್ತುಹೋಗುವುದಿಲ್ಲ. ಸರಿಯಾಗಿ ಸಂಸ್ಕರಿಸಿದರೆ ಮತ್ತೆ ಎಂಜಿನ್ನಿಗೇ ಬರುತ್ತದೆ. ಕೇಂದ್ರ ಸರ್ಕಾರದ 2016ರ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಟ್ಟಿವೆ. 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆ ತಯಾರಕ ಕಂಪನಿಗಳ ಮೇಲೂ ಬಿದ್ದಿದೆ. ಮೊದಲ ವರ್ಷದ ಗುರಿ ನೂರಕ್ಕೆ 5 ಇತ್ತು. ಉಳಿದ 95ರ ಚಿಂತೆ ಸರ್ಕಾರಕ್ಕೇಕೆ, ನಿಮ್ಮಂಥವರ ಗಟಾರ ಇರುವಾಗ?

ಆದರೂ ಬೇಸರ ಬಂದ ಭಾನುವಾರ ಹೀಗೆ ಮಾಡಿ ನೋಡಿ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ ಮುಚ್ಚಳ ಬಿಗಿಯಿರಿ. ಕೂಲಂಟು, ಪೆಟ್ರೋಲು, ನೀರು ಬೆರೆಸಬೇಡಿ. ಬೆರೆತರೆ ಸಂಸ್ಕರಣೆಗೆ ಕಷ್ಟ. ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ ಬಸಿಯಿರಿ. ಎರಡನ್ನೂ ಗ್ಯಾರೇಜಿಗೇ ಒಯ್ಯಿರಿ. ಮನೆಗಸದಲ್ಲಿ ತುರುಕಿದರೆ, ಬೆಳಿಗ್ಗೆ ಬರುವ 'ಸ್ವಚ್ಛ್' ಸಹಕಾರ ಸಂಘದ ಹೆಣ್ಣುಮಗಳ ಕೈಗೆ ನಿಮ್ಮ ಎಂಜಿನ್ನಿನ ಮಸಿ ಮೆತ್ತಿಕೊಳ್ಳುತ್ತದೆ.

ಇಷ್ಟು ಬಿನ್ನಹ.

ಇಂತಿ,
ಭೀಮೆಯ ಕೆಳದಂಡೆಯವನು

ತಾ.ಕ.: ಪುಣೆಯಲ್ಲಿ ಕಾನೂನಿಗಿಂತ ಗೇಟಿಗೆ ತೂಗುಹಾಕಿದ ಪಾಟಿಗೆ, ಅಂದರೆ ಬೋರ್ಡಿಗೆ, ಬೆಲೆ ಹೆಚ್ಚು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬೇಡಿ ಎಂದು ಬರೆದರೆ ಯಮನೂ ಕಾಯುತ್ತಾನೆ. ಹಾಗಾಗಿ ನಿಮ್ಮ ಗಟಾರದ ಮೇಲೆ ಒಂದು ಬೋರ್ಡು ತೂಗುಹಾಕುವವನಿದ್ದೇನೆ: "ಇಲ್ಲಿ ಆಯಿಲ್ ಸುರಿಯಬಹುದು. ಸುರಿಯುವ ಮುನ್ನ ಒಂದು ಲೋಟ ಕುಡಿದು ತೋರಿಸತಕ್ಕದ್ದು."