ಕೋರಂ ಇಲ್ಲದೆ ನಡೆದ ಸಂದರ್ಶನ

ಮತ್ತೊಂದು ಪಟ್ಟಿ ಬಂದಿದೆ. ನಗರದ ವಸತಿರಹಿತರ ಬಗ್ಗೆ ಸಲಹೆ ಕೊಡುವ ಸಮಿತಿಗೆ ಹೊಸ ಸದಸ್ಯರು, ಎಲ್ಲರೂ ‘ನಿಸ್ವಾರ್ಥ ಸೇವೆ’ಯವರು. ಯಾರು ಒಳಗೆ, ಯಾರು ಹೊರಗೆ, ಯಾರ ಭಾವಮೈದುನ ಯಾವ ಕೋಟಾದಲ್ಲಿ ಎಂಬುದೆಲ್ಲ ಓದುಗರಿಗೆ ಗೊತ್ತೇ ಇದೆ. ಅಧ್ಯಕ್ಷರು ಸನ್ಮಾನ ಮುಗಿಸಿ ಬರುವ ಹೊತ್ತಿಗೆ ಅವರ ಅವಧಿಯೇ ಮುಗಿದಿರುತ್ತದೆ. ಹಾಗಾಗಿ ಕೈಗೆ ಸಿಕ್ಕ ಸಮಿತಿಯ ಸಭಾ ನಡವಳಿ ಪುಸ್ತಕವನ್ನೇ ಮಾತಾಡಿಸಿದ್ದಾಯಿತು.

ಪ್ರಶ್ನೆ: ನಡವಳಿಯವರೇ, ಸಮಿತಿ ಈವರೆಗೆ ಏನು ಮಾಡಿದೆ?

ನಡವಳಿ: ಅದು ಆಮೇಲೆ. ಮೊದಲು ನನ್ನ ಬೈಂಡು ನೋಡಿ ಸ್ವಾಮಿ, ಹೊಲಿಗೆ ಬಿಟ್ಟಿದೆ. ಸಭೆಗೆ ಬರುವವರು ನಾಲ್ಕು ಜನ. ಕೋರಂ ಎಲ್ಲಿಂದ ತರುವುದು? ಪ್ಲಾಸ್ಟಿಕ್ ಕವರಿಗೆ ಹಾಕಿ ಜವಾನನ ಮೊಪೆಡ್ಡಿನಲ್ಲಿ ನನ್ನನ್ನು ಮನೆಮನೆಗೆ ಕಳಿಸುತ್ತಾರೆ. ಒಬ್ಬರು ಊಟದ ಮಧ್ಯೆ ಸಹಿ ಹಾಕುತ್ತಾರೆ, ಏಳನೇ ಪುಟಕ್ಕೆ ಸಾರಿನ ಕಲೆ. ಇನ್ನೊಬ್ಬರು ಪೂಜೆಯಿಂದ ಎದ್ದು ಬಂದು ಹಾಕುತ್ತಾರೆ, ಒಂಬತ್ತನೆಯದಕ್ಕೆ ಕುಂಕುಮ. ಮತ್ತೊಬ್ಬರದನ್ನು ಅವರ ಸೊಸೆಯೇ ಹಾಕಿ ಕಳಿಸುತ್ತಾಳೆ, ಆಕೆಯ ಅಕ್ಷರ ಚೆನ್ನಾಗಿದೆ. ಇಷ್ಟಾದ ಮೇಲೆ ಗುಮಾಸ್ತರು ಬರೆಯುವುದು, ‘ಸದಸ್ಯರೆಲ್ಲರೂ ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿದರು’ ಎಂದು. ಸರ್ವಾನುಮತ ಬರದೆ ಇನ್ನೇನು, ಒಬ್ಬರ ಮುಖ ಒಬ್ಬರು ನೋಡಿದ್ದರೆ ತಾನೇ ಭಿನ್ನಮತ?

ಪ್ರಶ್ನೆ: ಲೆಕ್ಕಕ್ಕೆ ಬರೋಣ. ಮನೆಯಿಲ್ಲದವರನ್ನು 2011ರ ಜನಗಣತಿಯಲ್ಲಿ ಫೆಬ್ರುವರಿ 28ರ ರಾತ್ರಿ ಎಣಿಸಿದರು. ದೇಶದಲ್ಲಿ 17.7 ಲಕ್ಷ, ಅವರಲ್ಲಿ 9.38 ಲಕ್ಷ ಜನ ನಗರಗಳಲ್ಲಿ. ಒಂದೇ ರಾತ್ರಿಯ ಎಣಿಕೆಯಲ್ಲಿ ಫ್ಲೈಓವರಿನ ಕೆಳಗಿನವರು ಎಷ್ಟು ಜನ ಸಿಕ್ಕಿರಬಹುದು ಎಂಬುದು ಬೇರೆ ಮಾತು, 2021ರ ಎಣಿಕೆ ಮುಂದಕ್ಕೆ ಹೋದದ್ದು ಇನ್ನೂ ಬೇರೆ ಮಾತು. ಸುಪ್ರೀಂ ಕೋರ್ಟ್ 2010ರಲ್ಲಿ ಗದರಿದ ಮೇಲೆ, 2013ರಲ್ಲಿ ಶುರುವಾದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಅಳತೆ ಹಾಕಿಕೊಟ್ಟಿತು: ಪ್ರತಿ ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನ ಮಲಗುವಂಥ ಒಂದು ಕಾಯಂ ತಂಗುದಾಣ, ಒಬ್ಬೊಬ್ಬರಿಗೆ 50 ಚದರಡಿ, ದಿನವಿಡೀ ತೆರೆದಿರಬೇಕು. ನಿಮ್ಮ ಊರು ಬೇಡ, ಬೆಂಗಳೂರನ್ನೇ ತಗೊಳ್ಳಿ. 2011ರಲ್ಲೇ ಪಾಲಿಕೆ ವ್ಯಾಪ್ತಿಯಲ್ಲಿ 84 ಲಕ್ಷ ಜನ, ಅಂದರೆ 84 ತಂಗುದಾಣ ಇರಬೇಕಿತ್ತು. ಅದರ ಹತ್ತಿರಕ್ಕೂ ಆ ನಗರ ಬಂದಿಲ್ಲ. ತಂಗುದಾಣಗಳು ಯಾಕೆ ಆಗಲಿಲ್ಲವೆಂದು ನೋಡಲು 2016ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರದೊಂದು ಸಮಿತಿ ಮಾಡಬೇಕಾಯಿತು. ನಿಮ್ಮಲ್ಲಿ ಈ ಅಂಕಿಗಳ ಮಾತು ಯಾವ ಪುಟದಲ್ಲಿ ಬಂದಿದೆ?

ನಡವಳಿ: ಪುಟ ಎಂದಿರಲ್ಲ, ನೆನಪಾಯಿತು. ಪ್ರತಿ ಠರಾವಿನ ಕೆಳಗೆ ಅರ್ಧ ಪುಟ ಖಾಲಿ ಬಿಡುತ್ತಾರೆ, ಆಮೇಲೆ ಏನಾದರೂ ಸೇರಿಸಬೇಕಾದರೆ ಇರಲಿ ಎಂದು. ನನ್ನ ಮೈತುಂಬ ಖಾಲಿ ಜಾಗ. ಅಲ್ಲದೆ ನೀವು ಹೇಳುವ ಆ ಅಂಕಿಯೆಲ್ಲ ಬೇಕಾಗಲಿಲ್ಲ, ಹನ್ನೊಂದನೇ ಪುಟದಲ್ಲಿ ವಿಷಯ ಇತ್ಯರ್ಥವಾಗಿದೆ: ‘ಇರುವ ತಂಗುದಾಣದಲ್ಲೇ ಹಾಸಿಗೆಗಳು ಖಾಲಿ ಉಳಿಯುತ್ತಿರುವುದರಿಂದ ಬೇಡಿಕೆ ಇಲ್ಲವೆಂದು ಸಮಿತಿ ಮನಗಂಡಿತು’. ಕೆಳಗೆ ಸೊಸೆಯ ಸಹಿ ಇದೆ, ನೋಡಿ.

ಪ್ರಶ್ನೆ: ಹಾಸಿಗೆ ಯಾಕೆ ಖಾಲಿ ಎಂದು ಒಬ್ಬರಾದರೂ ಕೇಳಿದ್ದರೆ ಠರಾವು ಬೇರೆಯಾಗುತ್ತಿತ್ತು. ಕೆ.ಆರ್. ಮಾರ್ಕೆಟ್ಟು, ಕಲಾಸಿಪಾಳ್ಯದಂಥ ಕಡೆ ಹೂವು ತರಕಾರಿಯ ಲೋಡು ಇಳಿಯುವುದು ಬೆಳಗಿನ ಜಾವಕ್ಕೆ ಮುಂಚೆ. ಅಲ್ಲಿಯ ಹಮಾಲಿ ಲಾರಿ ಬರುವ ಜಾಗದಲ್ಲೇ ಮಲಗುತ್ತಾನೆ. ನಾಲ್ಕು ಕಿಲೋಮೀಟರು ದೂರದ ಕಟ್ಟಡದಲ್ಲಿ ಮಲಗಿದರೆ ಲೋಡು ಇನ್ನೊಬ್ಬನ ಪಾಲು. ಗಂಡ, ಹೆಂಡತಿ, ಮಗು ಒಟ್ಟಿಗಿದ್ದರೆ ಗಂಡಸರ ತಂಗುದಾಣಕ್ಕೆ ಮೂವರೂ ಹೋಗುವಂತಿಲ್ಲ. ಇದು ಗೊತ್ತಿರುವುದು ಹಮಾಲಿಗೆ, ಆ ಹೆಂಗಸಿಗೆ. ನಿವೃತ್ತ ಎಂಜಿನಿಯರಿಗೆ, ಕ್ಲಬ್ಬಿನ ಕಾರ್ಯದರ್ಶಿಗೆ ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಗೊತ್ತಾಗುವುದಿಲ್ಲ. ಆದರೆ ಸಭೆ ಇರುವುದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ರಾತ್ರಿ ಮೂಟೆ ಹೊತ್ತವನಿಗೆ ಅದು ನಿದ್ದೆಯ ಹೊತ್ತು, ಗಾರೆ ಕೆಲಸದವಳಿಗೆ ದಿನಗೂಲಿಯ ಹೊತ್ತು. ಬಿಟ್ಟಿ ಸೇವೆ ಮಾಡಬಲ್ಲವರು ಯಾರೆಂದರೆ ಆ ಹೊತ್ತಿನ ದುಡಿಮೆ ಬಿಟ್ಟರೂ ರಾತ್ರಿ ಊಟಕ್ಕೆ ತೊಂದರೆಯಿಲ್ಲದವರು. ಹಾಗಾಗಿ ಬಡತನದ ಸಮಿತಿಗೆ ಸಂಬಳ ಬೇಡ ಎಂದ ಕ್ಷಣವೇ ಬಡವರೂ ಬೇಡ ಎಂದಂತಾಯಿತು, ಅದನ್ನು ಬೇರೆ ಬರೆಯಬೇಕಾಗಿಯೇ ಇಲ್ಲ. ನಮ್ಮಲ್ಲಿ ಇದಕ್ಕೆ ಪರಿಹಾರ ಗೊತ್ತಿಲ್ಲವೆಂದೂ ಅಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನೋಡಿ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ತಮ್ಮೊಳಗೇ ಚುನಾವಣೆ ನಡೆಸಿ ಬರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸದಸ್ಯರಿಗೆ ಭತ್ಯೆ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ಕೊತ್ತಂಬರಿ ಸೊಪ್ಪು ಮಾರುವ ಹೆಂಗಸಿಗೆ ಸಿಕ್ಕ ಕುರ್ಚಿ, ಅದೇ ಸೊಪ್ಪಿನ ಮೂಟೆ ಹೊತ್ತವನಿಗೆ ಯಾಕಿಲ್ಲ?

ನಡವಳಿ: ಇದು ಪ್ರಶ್ನೆಯೋ ಭಾಷಣವೋ? ಸಭೆಯಲ್ಲಾದರೆ ‘ವಿಷಯಾಂತರ’ ಎಂದು ಬರೆದು ಮುಗಿಸುತ್ತಿದ್ದೆ. ದುಡ್ಡು ಕೊಟ್ಟರೆ ಸೇವಾಭಾವ ಹೋಗುತ್ತದೆ, ಬ್ರೋಕರುಗಳು ಬಂದು ಕೂರುತ್ತಾರೆ. ಮನೆಯಿಲ್ಲದವರು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ, ಅವರು ಯಾರ ಪ್ರತಿನಿಧಿ? ಮೇಲಾಗಿ ಬಂದರೆ ತಮ್ಮ ಗೋಳನ್ನೇ ಹೇಳುತ್ತಾರೆ. ನಿಮ್ಮ ವ್ಯಾಪಾರಿಗಳ ಸಮಿತಿಯಿಂದ ಎತ್ತಂಗಡಿ ನಿಂತಿದೆಯೇ?

ಪ್ರಶ್ನೆ: ಪೂರ್ತಿ ನಿಂತಿಲ್ಲ, ಒಪ್ಪುತ್ತೇನೆ. ಎಷ್ಟೋ ಊರುಗಳಲ್ಲಿ ಆ ಚುನಾವಣೆಯೇ ತಡವಾಯಿತು. ಆದರೆ ಎತ್ತಂಗಡಿಯಾದ ವ್ಯಾಪಾರಿ ಕೋರ್ಟಿಗೆ ಹೋಗಿ ‘ಸಮಿತಿಯನ್ನು ಕೇಳದೆ ಎಬ್ಬಿಸಿದರು’ ಎನ್ನಬಲ್ಲ, ಆ ಮಾತಿಗೆ ಕಾನೂನಿನ ಬಲವಿದೆ. ಪಾರ್ಕಿನ ಬೆಂಚಿನಿಂದ ಎಬ್ಬಿಸಿದವನಿಗೆ ಆ ಮಾತೂ ಇಲ್ಲ. ಸೇವಾಭಾವದ ವಿಚಾರಕ್ಕೆ ಬಂದರೆ, ಅದೇ ಸಭೆಯಲ್ಲಿ ಕೂತ ಅಧಿಕಾರಿಗೆ ಸಂಬಳ, ಸಮೀಕ್ಷೆ ಮಾಡಿದ ಏಜೆನ್ಸಿಗೆ ಬಿಲ್ಲು, ಬೋಂಡ ತಂದ ಹೋಟೆಲಿನವನಿಗೆ ವೋಚರು. ಇವರ್‍ಯಾರ ಭಾವವೂ ಕೆಡದೆ, ದಿನಗೂಲಿ ಕಳಕೊಂಡವನಿಗೆ ಅದನ್ನು ತುಂಬಿಕೊಟ್ಟಾಗ ಮಾತ್ರ ಕೆಡುತ್ತದೆಯೇ? ಬ್ರೋಕರು ಬರುತ್ತಾನೆಂಬ ಭಯ ನಿಜವಾದದ್ದೇ. ಅದಕ್ಕೇ ನೇಮಕ ಬೇಡ, ತಂಗುದಾಣಗಳಲ್ಲಿ, ಕೂಲಿಯವರು ನಿಲ್ಲುವ ಅಡ್ಡೆಗಳಲ್ಲಿ ಅವರವರೇ ಆರಿಸಿ ಕಳಿಸಲಿ. ಊರೂರು ಅಲೆಯುತ್ತಾರೆ ಎಂಬುದೂ ಅರ್ಧ ಸತ್ಯ. ಒಂದೇ ಫುಟ್‌ಪಾತಿನಲ್ಲಿ ವರ್ಷಗಟ್ಟಲೆ ಇರುವವರಿದ್ದಾರೆ, ಬೀಟಿನ ಪೊಲೀಸಿನವನನ್ನು ಕೇಳಿದರೆ ಹೆಸರು ಸಮೇತ ಹೇಳುತ್ತಾನೆ. ಇನ್ನು ತಮ್ಮ ಗೋಳು ಹೇಳುತ್ತಾರೆ ಎಂದಿರಲ್ಲ, ಪಾಯಿಖಾನೆಗೆ ಯಾಕೆ ಬೀಗ, ಬಾಗಿಲು ಯಾಕೆ ರಾತ್ರಿ ಇಷ್ಟು ಬೇಗ ಹಾಕುತ್ತೀರಿ ಎಂಬ ಆ ಗೋಳು ಬಿಟ್ಟು ಬೇರೆ ಯಾವ ಸಲಹೆಗಾಗಿ ಈ ಸಮಿತಿ ಇರುವುದು?

ನಡವಳಿ: ಪುಕ್ಕಟೆ ಕೊಟ್ಟು ಕೊಟ್ಟೇ ಜನ ದುಡಿಯುವುದು ಬಿಟ್ಟಿದ್ದಾರೆ ಎಂದು ಹಿರಿಯ ಸದಸ್ಯರೊಬ್ಬರು ಸುದೀರ್ಘವಾಗಿ...

ಪ್ರಶ್ನೆ: ಅವರೊಬ್ಬರೇ ಏನಲ್ಲ. 2025ರ ಫೆಬ್ರುವರಿಯಲ್ಲಿ ನಗರ ವಸತಿರಹಿತರ ಪ್ರಕರಣ ವಿಚಾರಣೆಗೆ ಬಂದಾಗ ಸುಪ್ರೀಂ ಕೋರ್ಟಿನ ಪೀಠದಿಂದಲೂ ಆ ಧಾಟಿಯ ಮಾತು ಬಂತು. ಆದರೆ ನಗರಗಳಿಗೆ ಅಗ್ಗದ ದುಡಿಮೆ ಒದಗಿಸುವವರೇ ಈ ಜನ ಎಂದು ಸರ್ಕಾರದ ಮಾರ್ಗಸೂಚಿಯೇ ಒಪ್ಪಿಕೊಂಡಿದೆ. ಪುಕ್ಕಟೆ ಪಡೆಯುತ್ತಿರುವವರು ಯಾರು ಹಾಗಾದರೆ? ತಮಾಷೆ ಸಾಕು. ಕರ್ನಾಟಕದಲ್ಲಿ 1975ರಿಂದ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಅದರ ಹೆಸರಲ್ಲಿ ಆಸ್ತಿ ತೆರಿಗೆಯ ಜೊತೆ ಶೇ 3ರ ಸೆಸ್ಸು ವಸೂಲಿಯಾಗುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಇದೆ, ಮೇಲೆ ಕೇಂದ್ರ ಪರಿಹಾರ ಸಮಿತಿ ಎಂಬ ಸಮಿತಿಯೂ ಇದೆ. ಹಣ, ಕಟ್ಟಡ, ಕಾನೂನು, ಸಮಿತಿ, ಯಾವುದಕ್ಕೂ ಕೊರತೆಯಿರಲಿಲ್ಲ. 2010ರ ಆಗಸ್ಟಿನಲ್ಲಿ ಆ ಕೇಂದ್ರದೊಳಗೆ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ರಸ್ತೆಯಿಂದ ಹಿಡಿದು ತಂದು ಸರ್ಕಾರ ತನ್ನ ಸೂರಿನಡಿ ಇಟ್ಟುಕೊಂಡ ಜನ. ಊಟ ಹೇಗಿದೆ, ನೀರು ಹೇಗಿದೆ, ಪಕ್ಕದ ಹಾಸಿಗೆಯವನಿಗೆ ಭೇದಿ ಹತ್ತಿ ಎಷ್ಟು ದಿನವಾಯಿತು ಎಂಬುದು ಒಳಗಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅದನ್ನು ಹೇಳಲು ಅವರಿಗೆ ಒಂದು ಕುರ್ಚಿ ಇರಲಿಲ್ಲ, ಹೇಳಿದರೆ ಬರೆದುಕೊಂಡು ಉತ್ತರಿಸಬೇಕಾದ ಬಾಧ್ಯತೆ ಯಾರಿಗೂ ಇರಲಿಲ್ಲ. ಅದಾದ ಮೇಲೂ ನಾವು ಪಟ್ಟಿ ಮಾಡುವಾಗ ಹುಡುಕುವುದು ‘ಗಣ್ಯರನ್ನು’. ನಾಚಿಕೆಯಾಗಬೇಕು.

ನಡವಳಿ: ...ಇದನ್ನು ಹೇಗೆ ಬರೆದುಕೊಳ್ಳಲಿ?

ಪ್ರಶ್ನೆ: ಖಾಲಿ ಬಿಟ್ಟ ಅರ್ಧ ಪುಟ ಇದೆಯಲ್ಲ, ಅಲ್ಲೇ ಬರೆಯಿರಿ. ‘ಸದಸ್ಯರಲ್ಲಿ ಶೇ 40 ಜನ ವಸತಿರಹಿತರು, ಅವರವರೇ ಆರಿಸಿದವರು. ಸಭೆಯ ದಿನದ ಕೂಲಿ ಅಂದೇ ಕೈಗೆ. ಸಮಿತಿ ಕೊಟ್ಟ ಪ್ರತಿ ಸಲಹೆಗೆ ಆಯುಕ್ತರಿಂದ ಮೂವತ್ತು ದಿನದೊಳಗೆ ಲಿಖಿತ ಉತ್ತರ, ಒಪ್ಪದಿದ್ದರೆ ಕಾರಣ ಸಮೇತ. ಸಭೆ ತಂಗುದಾಣದಲ್ಲೇ, ರಾತ್ರಿ ಎಂಟಕ್ಕೆ.’

ನಡವಳಿ: ಎಂಟಕ್ಕೆ ಅಧಿಕಾರಿಗಳು ಬರುವುದಿಲ್ಲ ಸ್ವಾಮಿ. ಅವರಿಗೂ ಮನೆ ಅಂತ ಇರುತ್ತದಲ್ಲ.